ಖಾಕಿ ರಟ್ಟಿನ ಹಗ್ಗದವ್ವ

“ಇವುಗಳ ಮುಖಪುಟ ಕಿತ್ತು ತಗೀರಿ,” ಎಂದಳು ಬಸವಂತಮ್ಮ.

ಚಹಾದ ಕಪ್ಪನ್ನು ಬಾಯಿಗೆ ಒಯ್ಯುತ್ತಿದ್ದ ಬುರ್ಹಾನುದ್ದೀನ್ ಹಾಗೇ ನಿಂತ. ರಾಯಚೂರಿನ ಆ ಸಣ್ಣ ಪ್ರೆಸ್ಸಿನಲ್ಲಿ ವರ್ಷವಿಡೀ ಮದುವೆಯ ಕಾರ್ಡು, ಗೊಬ್ಬರದಂಗಡಿಯ ಬಿಲ್‌ಪುಸ್ತಕ, ಚುನಾವಣೆ ಬಂದರೆ ಕರಪತ್ರ ಅಚ್ಚಾಗುತ್ತಿದ್ದವು. ವರನ ಹೆಸರು ತಪ್ಪಾಯಿತೆಂದು ಜಗಳಕ್ಕೆ ಬಂದವರನ್ನು ಅವನು ಬೇಕಾದಷ್ಟು ನೋಡಿದ್ದ. ಚಂದಾಗಿ ಅಚ್ಚಾದ ಪುಸ್ತಕವನ್ನು ಚೀಲ ತುಂಬಿ ಹೊತ್ತು ತಂದು, ಮುಖ ಕೀಳು ಎನ್ನುವವರನ್ನು ನೋಡಿರಲಿಲ್ಲ.

“ಯಾಕ್ರಿ ಟೀಚರಮ್ಮ, ಬಣ್ಣ ಬಿಟ್ಟದೇನು?”

“ಬಣ್ಣ ಚೊಲೋ ಅದ.”

“ಹೆಸರು ತಪ್ಪಾಗ್ಯದೇನು?”

“ಹೆಸರೂ ಸರಿ ಅದ.”

“ಮತ್ತ? ಆ ಮುಖ ಎಷ್ಟು ಮುತುವರ್ಜೀಲೆ ಮಾಡಿಸೀನ್ರಿ ನಾ! ಹಿಂದ ಪ್ರಭಾವಳಿ, ಕಣ್ಣಾಗ ಕರುಣಾ, ಕೈಯಾಗ ಹಗ್ಗ. ಯಾವ ಕಡೆ ನಿಂತು ನೋಡಿದ್ರೂ ಅವ್ವ ನಮ್ಮ ಕಡೇನ ನೋಡ್ತಾಳ. ಬಂದೋರೆಲ್ಲ ಕೇಳ್ತಾರ, ಭಾಯಿ, ಏನ್ ಕೆಲಸ ಮಾಡೀರಿ ಅಂತ.”

“ಅದೇ ಘಾತ ಆಗಿದ್ದು,” ಎಂದು ಬಸವಂತಮ್ಮ ಚೀಲದಿಂದ ಒಂದೊಂದೇ ಪುಸ್ತಕ ತೆಗೆದು ಮೇಜಿನ ಮೇಲೆ ಒಟ್ಟತೊಡಗಿದಳು. “ನೋಡಿದ ಕೂಡ್ಲೇ ಮಂದಿ ಕೈ ಮುಗೀತಾರ. ಎರಡೂ ಕೈ ಮುಗದ ಮ್ಯಾಲೆ ಹಾಳಿ ತಿರುವಾಕ ಮತ್ತೊಂದು ಕೈ ಎಲ್ಲಿಂದ ತರಬೇಕು?”

ಬಸವಂತಮ್ಮ ಗಬ್ಬೂರಿನ ಅಂಗನವಾಡಿಯಲ್ಲಿ ಅರ್ಧ ಊರಿನ ಮಕ್ಕಳಿಗೆ ಹಾಡು ಹೇಳಿಕೊಟ್ಟು ನಿವೃತ್ತಳಾದವಳು. ಹುಟ್ಟಿದ್ದು ಅಲ್ಲೇ ಪಕ್ಕದ ಬಾವಿಹಾಳದಲ್ಲಿ. ಅವಳ ಅಪ್ಪ ಪ್ರತಿ ಶ್ರಾವಣದಲ್ಲಿ ಊರ ಹೊರಗಿನ ಹಗ್ಗದವ್ವನ ಗದ್ದುಗೆಯ ಮುಂದೆ ಕೂತು ಪುರಾಣ ಓದುತ್ತಿದ್ದ. ಕಂಬಕ್ಕೆ ಬೆನ್ನು ಕೊಟ್ಟು ಕೇಳುತ್ತ ಕೇಳುತ್ತ ಅವಳಿಗೆ ಅಕ್ಷರಕ್ಕಿಂತ ಮೊದಲು ಪದ್ಯ ಬಂದಿತ್ತು. ಹಗ್ಗದವ್ವ ಯಾವ ಕಾಲದವಳೋ ಯಾರಿಗೂ ನಿಕ್ಕಿಯಿಲ್ಲ. ಅವಳ ಗದ್ದುಗೆಯ ಮೇಲೆ ಹೊಸ ಹಗ್ಗ ಇಟ್ಟು ಹರಕೆ ತೀರಿಸುವುದು ಊರಿನ ಪದ್ಧತಿ. ಹಗ್ಗವೇ ಯಾಕೆ ಎಂದು ಕೇಳಿದರೆ, ಅವ್ವ ಹಗ್ಗ ಬಿಟ್ಟರೆ ಬತ್ತಿದ ಬಾವಿಯಲ್ಲೂ ನೀರು ತಾನಾಗಿ ಏರಿ ಬರುತ್ತಿತ್ತು ಎನ್ನುತ್ತಿದ್ದರು.

ಬಸವಂತಮ್ಮನ ಅಜ್ಜಿ ಮಾತ್ರ ಬೇರೆ ಹೇಳುತ್ತಿದ್ದಳು. ವಾಂತಿಬೇನೆ ಬಂದ ವರ್ಷ, ಕೆಳಗಿನ ಓಣಿಯ ರೋಗಿಷ್ಟರು ಬಾವಿ ಮುಟ್ಟಬಾರದೆಂದು ದೊಡ್ಡ ಮನೆಯವರು ಬಾವಿಯ ಹಗ್ಗವನ್ನೇ ಬಿಚ್ಚಿ ಒಯ್ದು ಬಚ್ಚಿಟ್ಟರಂತೆ. ಗಂಡ ಸತ್ತ ಒಬ್ಬ ಹೆಂಗಸು ತನ್ನ ಸೀರೆಗಳನ್ನು ಸೀಳಿ, ಹೊಸೆದು, ಹಗ್ಗ ಮಾಡಿ, ಓಣಿಗೆಲ್ಲ ನೀರು ಸೇದಿ ಕೊಟ್ಟಳಂತೆ. ಊರು ಅವಳನ್ನು ಮತ್ತೆ ಒಳಗೆ ಕರೆಯಲಿಲ್ಲ. ಬಾವಿಯ ಕಟ್ಟೆಯ ಮೇಲೇ ಇದ್ದಳು, ಅಲ್ಲೇ ಸತ್ತಳು. ಸತ್ತ ಮೇಲೆ ಅದೇ ಊರು ಗದ್ದುಗೆ ಕಟ್ಟಿತು. “ಹಗ್ಗ ಕೊಡೋದು ಹರಕಿ ಅಲ್ಲ ಮಗಳ. ಕಸಗೊಂಡಿದ್ದನ್ನ ಹೊಳ್ಳಿ ಕೊಡೋದು,” ಎಂದು ಹೇಳಿ ಅಜ್ಜಿ ಅಡಕೆ ಬಾಯಿಗೆ ಹಾಕಿಕೊಂಡು ಸುಮ್ಮನಾಗುತ್ತಿದ್ದಳು.

ಆ ಮಾತು ಬಸವಂತಮ್ಮನನ್ನು ಬಿಡಲಿಲ್ಲ. ನಿವೃತ್ತಿಯಾದ ಮೇಲೆ ತ್ರಿಪದಿ ಕಟ್ಟಿದಳು, ನಡುವೆ ನಡುವೆ ಗದ್ಯ ಹೆಣೆದಳು. ಪ್ರಕಾಶಕರಿಗೆ ಕಳಿಸಿ ದಾರಿ ನೋಡಿದಳು. ಉತ್ತರ ಬರಲಿಲ್ಲ. ಕಡೆಗೆ ‘ಹಗ್ಗ ಪ್ರಕಾಶನ’ ಎಂದು ತಾನೇ ಹೆಸರಿಟ್ಟುಕೊಂಡು, ತಾನೇ ಲೇಖಕಿ, ತಾನೇ ಪ್ರಕಾಶಕಿ ಆದಳು. ಊರಿನವರು ಒಮ್ಮೆ ಓದಲಿ, ಅಜ್ಜಿ ನುಂಗಿಕೊಂಡ ಮಾತು ಊರಿನ ಕಿವಿಗೆ ಬೀಳಲಿ, ಆಮೇಲೆ ಏನಾದರೂ ಆಗಲಿ ಎಂಬುದಷ್ಟೇ ಅವಳ ಆಸೆ.

ಶ್ರಾವಣದ ಕಡೆಯ ಸೋಮವಾರ ಗದ್ದುಗೆಯಲ್ಲಿ ಬಿಡುಗಡೆಯಾಯಿತು. ಗದ್ದುಗೆಯ ಕಮಿಟಿಯ ಹಿರಿಯ, ಮಾನ್ವಿಯಲ್ಲಿ ಅಕ್ಕಿ ಮಿಲ್ಲು ನಡೆಸುವ ಶಂಭುಲಿಂಗಪ್ಪ ಪುಸ್ತಕವನ್ನು ತಲೆಯ ಮೇಲೆ ಹೊತ್ತು ಗದ್ದುಗೆ ಸುತ್ತಿದ. ಮುಂದಿನ ಶ್ರಾವಣಕ್ಕೆ ಬಸವಂತಮ್ಮನೇ ಅಪ್ಪನ ಜಾಗದಲ್ಲಿ ಕೂತು ಪುರಾಣ ಓದಬೇಕೆಂದು ಎಲ್ಲರ ಮುಂದೆ ಸಾರಿದ. ಮಂದಿ ಸಾಲುಗಟ್ಟಿ ಪುಸ್ತಕ ಒಯ್ದರು. ಮಗಳು ಐಶ್ವರ್ಯ ವಾಟ್ಸಾಪಿನಲ್ಲಿ ಮುಖಪುಟ ಹಾಕಿದಳು. ಉತ್ತರ ಸುರಿದವು, ಎಲ್ಲವೂ ಕೈಮುಗಿದ ಚಿತ್ರ. ಬಸವಂತಮ್ಮ ಹಿಗ್ಗಿದಳು. ಇನ್ನು ಯಾರಾದರೂ ಬಂದು ಕೇಳುತ್ತಾರೆ, ಜಗಳವಾಡುತ್ತಾರೆ, ಅಳುತ್ತಾರೆ ಎಂದು ಬಾಗಿಲು ತೆರೆದು ಕೂತಳು. ದೀಪಾವಳಿ ದಾಟಿತು. ಯಾರೂ ಬರಲಿಲ್ಲ.

ಒಂದು ದಿನ ದೇವದುರ್ಗದ ಸಂತೆಗೆ ಹೋದವಳು ಬಾಲ್ಯದ ಗೆಳತಿ ಪಕೀರಮ್ಮನ ಮನೆಗೆ ಹೋದಳು. ದೇವರ ಜಗಲಿಯ ಮೇಲೆ, ಎರಡು ಫೋಟೋಗಳ ನಡುವೆ, ಹಗ್ಗದವ್ವ ಮೂರು ಬೆರಳಿನ ವಿಭೂತಿ ಬಳಿಸಿಕೊಂಡು ಕೂತಿದ್ದಳು. ಮೇಲೆ ಪ್ಲಾಸ್ಟಿಕ್ ಹೊದಿಸಿ ದಾರ ಕಟ್ಟಿದ್ದರು.

“ಓದಿದೇನು ಪಕೀರಮ್ಮ?”

“ಅಯ್ಯ, ದಿನಾ ಊದಿನಕಡ್ಡಿ ಬೆಳಗತೀನಿ.”

“ಓದಿದೇನಂತ ಕೇಳಿದೆ.”

“ಅಲ್ಲ ಬೇ, ಅವ್ವನ್ನ ಮುಟ್ಟಬೇಕಂದ್ರ ತಲಿ ಮ್ಯಾಲೆ ನೀರು ಹಾಕ್ಕೊಂಡಿರಬೇಕು. ಜಳಕ ಆತಂದ್ರ ರೊಟ್ಟಿ ಬಡಿಯೋದದ, ಎಮ್ಮಿ ಅದ, ಶಗಣಿ ಅದ. ಮೈಲಿಗಿ ಕೈಲೆ ಹೆಂಗ ಮುಟ್ಟಲಿ? ಆದ್ರ ಒಂದು ಮಾತು ಹೇಳ್ತೀನಿ ಕೇಳು, ನಿನ್ನ ಪುಸ್ತಕ ಮನಿಗೆ ಬಂದಾಗಿಂದ ನಮ್ಮ ಯಜಮಾನರ ಮೊಣಕಾಲು ನೋವು ಕಡಿಮಿ ಆಗ್ಯದ.”

ಬಸವಂತಮ್ಮ ಎದ್ದಳು. ಕೈ ತೊಳೆದುಕೊಂಡು ಪುಸ್ತಕ ಇಳಿಸಿದಳು, ದಾರ ಬಿಚ್ಚಿದಳು. ಪ್ರೆಸ್ಸಿನ ಕತ್ತರಿ ಯಂತ್ರದ ಅಲಗು ಮೊಂಡಾಗಿ, ಪುಸ್ತಕದ ಕಡೆಯ ಕೆಲವು ಹಾಳೆಗಳ ತಲೆ ಕತ್ತರಿಸದೆ ಕೂಡಿಕೊಂಡೇ ಉಳಿದಿದ್ದವು. ಓದುವವರು ಚಾಕುವಿನಿಂದ ಸೀಳಿಕೊಳ್ಳಬೇಕಿತ್ತು. ಪಕೀರಮ್ಮನ ಪುಸ್ತಕದಲ್ಲಿ ಆ ಹಾಳೆಗಳು ಕೂಡಿದ ಹಾಗೇ ಇದ್ದವು. ಅಲ್ಲಿಂದ ಹೊರಟು ಗಬ್ಬೂರಿನಲ್ಲಿ, ಬಾವಿಹಾಳದಲ್ಲಿ, ನೀರು ಕುಡಿಯುವ ನೆಪ ಮಾಡಿಕೊಂಡು ಮನೆ ಮನೆ ಹೊಕ್ಕಳು. ಎಲ್ಲ ಕಡೆ ಮೇಲೆ ವಿಭೂತಿ, ಒಳಗೆ ಕೂಡಿದ ಹಾಳೆ. ಊರು ಅವ್ವನನ್ನು ಮತ್ತೊಮ್ಮೆ ಹೊರಗೇ ಕೂಡಿಸಿ ಕೈ ಮುಗಿದಿತ್ತು.

ಮನೆಯಲ್ಲಿ ಉಳಿದಿದ್ದ ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಂಡು ಅವಳು ರಾಯಚೂರಿನ ಬಸ್ಸು ಹತ್ತಿದ್ದು ಇದಾದ ಮೇಲೆ.

“ಕಿತ್ತು ಮತ್ತೇನು ಹಾಕಲಿ?” ಬುರ್ಹಾನುದ್ದೀನ್ ಕೇಳಿದ.

“ಶಾಲಿ ಹುಡುಗರು ಪುಸ್ತಕಕ್ಕ ಹಾಕ್ಕೋತಾರಲ್ಲ, ಖಾಕಿ ಹಾಳಿ. ಅಂಥಾದ್ದೇ ಖಾಕಿ ರಟ್ಟು ಹಾಕ್ರಿ. ಮ್ಯಾಲೆ ಹೆಸರಷ್ಟೇ.”

“ಖಾಕಿ ಪುಸ್ತಕ ಯಾರು ತಗೋತಾರಮ್ಮ?”

“ತಗೊಂಡೋರು ಓದ್ತಾರ.”

“ಅಂಥಾದ್ದೇನದ ಅದರಾಗ?”

“ನೀವೇ ಅಚ್ಚು ಹಾಕೀರಲ್ರಿ?”

“ಅಚ್ಚು ಹಾಕೋದು ಬ್ಯಾರೆ, ಓದೋದು ಬ್ಯಾರೆ. ಲಗ್ನಪತ್ರಿಕಿ ಹಾಕಿದೋರ ಲಗ್ನಕ್ಕೆಲ್ಲ ಹೋಗಾಕ ಆಗ್ತದೇನ್ರಿ?” ಎಂದು ನಕ್ಕ. ನಕ್ಕ ಮೇಲೆ ಮೆತ್ತಗಾಗಿ, “ಅಲಗು ಸಾಣಿ ಹಿಡಿಸೀನ್ರಿ ಈಗ. ಆ ಕೂಡಿದ ಹಾಳೀನೂ ಕತ್ತರಿಸಿ ಕೊಡ್ತೀನಿ,” ಎಂದ.

“ಬ್ಯಾಡ. ಅವು ಹಂಗೇ ಇರಲಿ. ಯಾರು ಓದ್ಯಾರ, ಯಾರು ಇಲ್ಲ ಅಂತ ನನಗ ಗೊತ್ತಾಗಬೇಕು.”

ದಾರದಲ್ಲಿ ಹೊಲಿದ ಪುಸ್ತಕಗಳಾದ್ದರಿಂದ ರಟ್ಟು ಸಲೀಸಾಗಿ ಬಿಟ್ಟುಕೊಂಡಿತು. ಕಿತ್ತ ಮುಖಪುಟಗಳ ದಿಂಡನ್ನು ಬುರ್ಹಾನುದ್ದೀನ್ ಹಳೆಯ ಕಾಗದದ ರಾಶಿಗೆ ಸೇರಿಸಲಿಲ್ಲ. “ಇವನ್ನ ರದ್ದಿಗೆ ಹಾಕಾಕ ನನಗೂ ಅಂಜಿಕಿ ಅದ,” ಎಂದು ಹೊಸ ಬಟ್ಟೆಯಲ್ಲಿ ಕಟ್ಟಿ ಎರಡೂ ಕೈಯಿಂದ ಕೊಟ್ಟ. ಬಸವಂತಮ್ಮ ಅದನ್ನು ಹಣೆಗೆ ಒತ್ತಿಕೊಂಡಳು. ಮನೆಗೆ ಒಯ್ದು ತನ್ನ ಜಗಲಿಯ ಮೇಲಿಟ್ಟು ದೀಪ ಹಚ್ಚಿದಳು. ಮರುದಿನ ಖಾಕಿ ಪುಸ್ತಕ ಹೊತ್ತುಕೊಂಡು ಮಾನ್ವಿಗೆ ಹೋದಳು.

ಮಾನ್ವಿಯ ಬಸ್ ನಿಲ್ದಾಣದಲ್ಲಿ ಪೇಪರು, ಪುಸ್ತಕ ಮಾರುವ ಹುಲಿಗೇಶ ಖಾಕಿ ರಟ್ಟನ್ನು ತಿರುಗಿಸಿ ಮುರುಗಿಸಿ ನೋಡಿದ. “ಪೊಲೀಸ್ ಪರೀಕ್ಷಾದ ಗೈಡೇನ್ರಿ?”

“ಅಲ್ಲಪ, ಹಗ್ಗದವ್ವನ ಕಥಿ.”

“ಹೊರಗಿಟ್ರ ಗೈಡ್ ಅಂತ ಕೇಳ್ತಾರ, ಒಳಗಿಟ್ರ ಕೇಳಂಗೇ ಇಲ್ಲ. ಏನು ಮಾಡಂತೀರಿ?” ಎಂದು ಎರಡು ಪ್ರತಿ ಇಟ್ಟುಕೊಂಡ. ವಾರ ಬಿಟ್ಟು ಹೋದರೆ ಎರಡೂ ಅಲ್ಲೇ ಇದ್ದವು. ಒಂದರ ಮೇಲೆ ಚಹಾದ ಲೋಟ ಇಟ್ಟ ಗುಂಡನೆಯ ಕಲೆ ಬೇರೆ. ಬಸವಂತಮ್ಮ ಬೈಯಲಿಲ್ಲ. ವಿಭೂತಿಗಿಂತ ಇದೇ ವಾಸಿ ಎಂದುಕೊಂಡು ಸೆರಗಿನಿಂದ ಒರೆಸಿದಳು.

ಅಂದು ಸಂಜೆ ರಾಯಚೂರಿನ ಬಸ್ಸು ಕಲ್ಲೂರಿಗೆ ಇನ್ನೂ ದಾರಿ ಇರುವಾಗಲೇ ಪಂಕ್ಚರ್ ಆಗಿ ನಿಂತಿತು. ಬಸ್ಸಿನ ತುಂಬ ಮಾನ್ವಿಯ ಮಿಲ್ಲುಗಳಲ್ಲಿ ಅಕ್ಕಿ ಹಸನು ಮಾಡಿ ಮನೆಗೆ ಹೊರಟ ಕಲ್ಲೂರಿನ ಹೆಂಗಸರು. ಕೆಳಗಿಳಿದು ಜಾಲಿಮರದ ನೆರಳಿಗೆ ಕೂತರು. ಒಬ್ಬಳು ಡ್ರೈವರನನ್ನು ಬೈದಳು, ಒಬ್ಬಳು ಟೈರನ್ನು ಬೈದಳು. ಬಸವಂತಮ್ಮ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವಳು, ಯಾರೂ ಕೇಳದಿದ್ದರೂ, ಅಪ್ಪನ ಧಾಟಿಯಲ್ಲಿ ಮೆಲ್ಲಗೆ ಎತ್ತಿಕೊಂಡಳು. ಪುಸ್ತಕ ತೆರೆಯಲಿಲ್ಲ. ವಾಂತಿಬೇನೆ ಬಂದದ್ದು, ಕೆಳಗಿನ ಓಣಿಯಲ್ಲಿ ಕೂಸುಗಳು ಬಾಯಾರಿ ಅತ್ತದ್ದು, ಬಾವಿಗೆ ಹೋದರೆ ಗಾಲಿ ಇದೆ, ಹಗ್ಗವಿಲ್ಲ. ಬೈಗುಳ ನಿಂತವು. ಒಬ್ಬಳು “ಹೂಂ” ಎಂದಳು. ಆಮೇಲೆ ಎಲ್ಲರೂ. ಸೀರೆಯ ಸೆರಗು ಸೀಳಿದ ಚರ್ ಎನ್ನುವ ಸದ್ದನ್ನು ಬಾಯಲ್ಲೇ ಮಾಡಿ, ಹೊಸೆದ ಹಗ್ಗದ ತುದಿಗೆ ಕೊಡ ಕಟ್ಟಿ, ಬಾವಿಯೊಳಗೆ ಅರ್ಧ ಇಳಿಸಿದವಳು ಅಲ್ಲಿಗೆ ನಿಲ್ಲಿಸಿದಳು. ಅಪ್ಪನೂ ಹಾಗೇ ಮಾಡುತ್ತಿದ್ದ. ಕತ್ತಿ ಎತ್ತಿದಲ್ಲಿಗೆ, ಬಾಗಿಲು ಬಡಿದಲ್ಲಿಗೆ ಪುಸ್ತಕ ಮುಚ್ಚಿ ಕಟ್ಟಿಬಿಡುತ್ತಿದ್ದ. ಮರುದಿನ ಊರಿಗೆ ಊರೇ ಬಂದು ಕೂಡುತ್ತಿತ್ತು.

“ಹಗ್ಗ ತಡೀತೋ ಹರೀತೋ?” ಎಂದಳು ಎದುರಿಗೆ ಕೂತ ಖುರ್ಷೀದ್ ಬೇಗಂ. ಅವಳ ತಲೆಯ ಸೆರಗಿನ ಮೇಲೆ ತೌಡಿನ ಪುಡಿ ಇನ್ನೂ ಅಂಟಿತ್ತು. “ಲಗೂನ ಹೇಳ್ರಿ ಅಮ್ಮ, ಟೈರು ಹಾಕೇ ಬಿಟ್ರು.”

“ಮುಂದಿಂದು ಇದರಾಗ ಅದ,” ಎಂದು ಬಸವಂತಮ್ಮ ಖಾಕಿ ಪುಸ್ತಕ ತೋರಿಸಿದಳು.

“ನನಗ ಓದಾಕ ಬರಂಗಿಲ್ಲಲ್ಲ.”

“ಮನ್ಯಾಗ ಯಾರಿಗೆ ಬರ್ತದ?”

“ಸೊಸಿಗೆ ಬರ್ತದ. ಆದ್ರ ಆಕಿ ನನ್ನ ಕೂಡ ಮಾತು ಬಿಟ್ಟಾಳ.”

“ಓದು ಅಂತ ಅನ್ರಿ, ಮಾತಾಡು ಅಂತ ಅನಬ್ಯಾಡ್ರಿ.”

ಹೆಂಗಸರೆಲ್ಲ ಹೋ ಎಂದು ನಕ್ಕರು. ಖುರ್ಷೀದ್ ಬೇಗಂ ಒಂದು ಪುಸ್ತಕ ತೆಗೆದುಕೊಂಡಳು, ಮತ್ತೊಬ್ಬಳು ಒಂದು. ಬಸ್ಸು ಹೊರಟ ಮೇಲೆ, ಶಾಲೆ ಓದಿದ್ದ ಆ ಮತ್ತೊಬ್ಬಳು ಕಿಟಕಿಯ ಬೆಳಕಿಗೆ ಪುಸ್ತಕ ಹಿಡಿದು, ಹಾಳೆ ಕೂಡಿರುವುದನ್ನು ನೋಡಿ, ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಸರ್ರನೆ ಸೀಳಿದಳು. ಆ ಸದ್ದು ಬಸ್ಸಿನ ಗದ್ದಲದಲ್ಲೂ ಬಸವಂತಮ್ಮನಿಗೆ ಕೇಳಿಸಿತು.

ಅಂದಿನಿಂದ ಅವಳಿಗೆ ಬಸ್ಸೇ ಗದ್ದುಗೆಯಾಯಿತು. ಇವತ್ತು ಮಾನ್ವಿಯ ಬಸ್ಸು, ನಾಳೆ ದೇವದುರ್ಗದ ಬಸ್ಸು. ಕೇಳುವವರಿದ್ದರೆ ಹೇಳಿದಳು. ಮೊಬೈಲಿನ ಹಾಡು ಜೋರು ಮಾಡಿದರೆ ಹಾಡು ಮುಗಿಯುವವರೆಗೆ ತಡೆದು ಹೇಳಿದಳು. ಕೊಡ ಅರ್ಧ ಬಾವಿಗೆ ಇಳಿದಾಗ ನಿಲ್ಲಿಸುವುದನ್ನು ಮಾತ್ರ ಎಂದೂ ತಪ್ಪಿಸಲಿಲ್ಲ. “ಹಗ್ಗದವ್ವ ಹತ್ಯಾಳ, ರೈಟ್ ರೈಟ್!” ಎಂದು ಕಂಡಕ್ಟರುಗಳು ಕೂಗುವಂತಾಯಿತು. ಒಮ್ಮೆ ಗಬ್ಬೂರಿನ ಹಿಟ್ಟಿನ ಗಿರಣಿಯಲ್ಲಿ ಒಂದು ಖಾಕಿ ಪುಸ್ತಕ ಕಂಡಳು. ರಟ್ಟಿನ ಮೂಲೆ ಮುದುಡಿತ್ತು, ಹಾಳೆಯ ಮೇಲೆ ಹಿಟ್ಟಿನ ಹೆಬ್ಬೆರಳು ಒತ್ತಿತ್ತು. ಯಾರದೆಂದು ಕೇಳದೆ, ಇದ್ದಲ್ಲೇ ಇಟ್ಟು ಬಂದಳು.

ಬೇಸಿಗೆ ಕಾಲಿಡುವ ಹೊತ್ತಿಗೆ, ಒಂದು ಮಧ್ಯಾಹ್ನ, ಅವಳ ಮನೆಯ ಮುಂದಿನ ಬೇವಿನ ಮರದ ಕೆಳಗೆ ಶಂಭುಲಿಂಗಪ್ಪನ ಕಾರು ಬಂದು ನಿಂತಿತು. ಸಿಟ್ಟಿನಲ್ಲೂ ಚಪ್ಪಲಿ ಹೊರಗೇ ಬಿಟ್ಟು ಒಳಗೆ ಬಂದ. ಕೈಯಲ್ಲಿ ಹಳೆಯ ಮುಖಪುಟದ ಪುಸ್ತಕ. ಅವ್ವನ ಹಣೆಗೆ ವಿಭೂತಿ, ಪ್ರಭಾವಳಿಗೆ ಅಂಟಿದ ಒಣ ಚೆಂಡುಹೂವಿನ ಎಸಳು. ಪುಸ್ತಕದ ನಡುವೆ ಅವನ ತೋರುಬೆರಳು ಸಿಕ್ಕಿಕೊಂಡಿತ್ತು.

“ಬರ್ರಿ ಸಾವ್ಕಾರ್ರ, ಕುಂದ್ರಿ.”

“ಕುಂದ್ರಾಕ ಬಂದಿಲ್ಲ ನಾ. ನನ್ನ ಮಿಲ್ಲಿನಾಗ ಅಕ್ಕಿ ಹಸನ ಮಾಡೋ ಹೆಣ್ಮಕ್ಕಳು ಏನು ಹಾಡಾಕತ್ತಾರ, ಗೊತ್ತದೇನು ನಿನಗ?”

ಅವಳಿಗೆ ಗೊತ್ತಿರಲಿಲ್ಲ. ಅವನೇ ಹೇಳಿದ. ಪುರಾಣ ಕೇಳಿ ಬೆಳೆದ ಬಾಯಿ, ಸಿಟ್ಟಿನಲ್ಲೂ ರಾಗ ಬಿಡಲಿಲ್ಲ:

“ಹಗ್ಗವ ಬಚ್ಚಿಟ್ಟು ಮಗ್ಗಲಾದವರೆಲ್ಲ
ಬಗ್ಗಿ ನೋಡ್ಯಾರ ಕದಸಂದಿ, ಅವ್ವ ತಾ
ನುಗ್ಗಿ ಬಂದಾಳ ಬಾವೀಗೆ.”

ತಾನು ಕಟ್ಟಿದ ಸಾಲು ಮಂದಿಯ ಬಾಯಿ ಹಾದು ತನ್ನ ಕಿವಿಗೆ ಮರಳಿದ್ದು ಬಸವಂತಮ್ಮನಿಗೆ ಇದೇ ಮೊದಲು.

“ಯಾರು ಕಟ್ಟಿದ್ದು ಅಂದೆ. ಹಗ್ಗದವ್ವನ ಪುಸ್ತಕದಾಗ ಅದ್ರಿ ಅಂದ್ರು. ಸುಳ್ಳು, ಆ ಪುಸ್ತಕ ನಾನೇ ತಲಿ ಮ್ಯಾಲೆ ಹೊತ್ತು ಹಂಚೀನಿ, ಅದರಾಗ ಇಂಥಾದ್ದಿಲ್ಲ ಅಂತ ಎಲ್ಲಾರ ಮುಂದ ಅಂದುಬಿಟ್ಟೆ. ಮನಿಗೆ ಹೋಗಿ ಜಗಲಿ ಮ್ಯಾಗಿಂದು ಇಳಿಸಿ ನೋಡಿದ್ರ...”

“ಅದ,” ಎಂದಳು ಬಸವಂತಮ್ಮ.

“ಅದ.” ಅವನ ಕುತ್ತಿಗೆಯ ನರ ಉಬ್ಬಿತು. “ಬಾವಿಹಾಳದಾಗ ದೊಡ್ಡ ಮನಿ ಅಂದ್ರ ಒಂದೇ ಮನಿ ಅದ.”

“ಹೆಸರು ಬರದಿಲ್ರಿ ನಾ.”

“ಬರಿಯೋದೇನು ಉಳದದ? ಇಡೀ ಸೀಮಿಗೆ ಗೊತ್ತದ ಅದು ಯಾರ ಮನಿ ಅಂತ!” ಎಂದವನು ದನಿ ಇಳಿಸಿದ. “ನೋಡು ಬಸವಂತಮ್ಮ, ನೀ ನಮ್ಮ ಊರ ಮಗಳು. ಈ ಹಾಳಿ ತಗಿ. ಹೊಸದಾಗಿ ಹಾಕಿಸೋ ಭಾರ ನಂದು. ರಟ್ಟು ಬಂಗಾರದ ಬಣ್ಣದಾಗ ಹಾಕಿಸು, ನಾ ಬ್ಯಾಡ ಅನ್ನಂಗಿಲ್ಲ.”

“ತಗಿಯಂಗಿಲ್ರಿ.”

“ಮುಂದಿನ ಶ್ರಾವಣಕ್ಕ ನಿಮ್ಮಪ್ಪನ ಜಾಗಾದಾಗ ನಿನ್ನ ಕುಂದ್ರಸ್ತೀನಿ ಅಂತ ಮಾತು ಕೊಟ್ಟೀನಿ. ನೆಪ್ಪದ ಇಲ್ಲ?”

ಅದು ಅವಳಿಗೆ ತಟ್ಟಿತು. ಗದ್ದುಗೆಯ ಎದುರಿನ ಆ ಮಣೆ, ವ್ಯಾಸಪೀಠದ ಮೇಲೆ ಬಾಗಿದ ಅಪ್ಪನ ಬೆನ್ನು, ಸಮೆ ದೀಪದ ಬೆಳಕು ಕಣ್ಣ ಮುಂದೆ ಬಂದವು. ಕಂಬಕ್ಕೆ ಒರಗಿ ಕೂತ ಹುಡುಗಿ ಆಸೆಪಟ್ಟದ್ದು ಅದೊಂದೇ ಜಾಗ. ಹೊರಗೆ ಬೇವಿನ ಎಲೆ ಉದುರುವುದು ಕೇಳಿಸುತ್ತಿತ್ತು.

“ನೆಪ್ಪದ್ರಿ,” ಎಂದಳು. “ಆ ಜಾಗಾದಾಗ ಕುಂತು, ಈ ಹಾಳಿ ಬಿಟ್ಟು ಓದಾಕ ನನಗ ಬರಂಗಿಲ್ಲ. ಬ್ಯಾರೆದೋರನ್ನ ನೋಡ್ಕೋರಿ.”

ಶಂಭುಲಿಂಗಪ್ಪ ಅವಳನ್ನೇ ನೋಡಿದ. ಅವನಿಗೆ ಇಲ್ಲ ಎನ್ನುವವರು ಇತ್ತೀಚೆಗೆ ಯಾರೂ ಸಿಕ್ಕಿರಲಿಲ್ಲವೇನೋ.

“ಎಲ್ಲೀತನಕ ಓದೀರಿ ಸಾವ್ಕಾರ್ರ?”

ಅವನು ಬೆರಳು ಸಿಕ್ಕಿಸಿದ ಕಡೆ ಕಣ್ಣು ಹಾಯಿಸಿದ. “ಇಲ್ಲೀತನಕ. ಮುಂದಿನವು ಅಂಟ್ಯಾವ.”

“ಅಂಟಿಲ್ರಿ. ಯಾರೂ ಬಿಚ್ಚಿಲ್ಲ.”

“ಮುಂದೇನದ? ಇನ್ನೂ ಬೈದಿಯೇನು ನಮ್ಮನ್ನ?”

ಮುಂದಿನ ಹಾಳೆಯಲ್ಲಿ ದೊಡ್ಡ ಮನೆಯ ಸೊಸೆ ಬಚ್ಚಿಟ್ಟ ಹಗ್ಗವನ್ನು ಸೆರಗಿನೊಳಗೆ ಸುತ್ತಿಕೊಂಡು, ಮಾವನ ಕಣ್ಣು ತಪ್ಪಿಸಿ ಬಾವಿಗೆ ಬರುತ್ತಾಳೆ. ಅವ್ವನ ಕಾಲ ಬಳಿ ಅದನ್ನು ಇಟ್ಟು, ಮಾತಾಡದೆ ಹೋಗುತ್ತಾಳೆ. ಅವ್ವನಿಗೆ ಮರಳಿ ಬಂದ ಮೊದಲ ಹಗ್ಗ ಅದು. ಇಷ್ಟು ಹೇಳಿದರೆ ಮನುಷ್ಯ ತಣ್ಣಗಾಗುತ್ತಿದ್ದ. ಶ್ರಾವಣದ ಜಾಗವೂ ಉಳಿಯುತ್ತಿತ್ತೇನೋ. ಮಾತು ನಾಲಿಗೆಯ ತುದಿಗೆ ಬಂತು. ಬಸವಂತಮ್ಮ ಅದನ್ನು ತಡೆದಳು.

“ಮುಂದಿಂದು ಅದರಾಗೇ ಅದ್ರಿ,” ಎಂದಳು.

ಅವನು ಗಪ್ಪನೆ ಹೊರಳಿದ. ಹೊಸ್ತಿಲಲ್ಲಿ ನಿಂತು ಜಗಲಿಯ ಕಡೆ ನೋಡಿದ. ಬಟ್ಟೆಯ ಕಟ್ಟಿನಿಂದ ಅರ್ಧ ಇಣುಕುತ್ತಿದ್ದ ಅಷ್ಟೂ ಅವ್ವಂದಿರ ಮುಖಕ್ಕೆ ರೂಢಿಯಂತೆ ಕೈ ಮುಗಿಯಲು ಹೋದ. ಒಂದು ಕೈ ಪುಸ್ತಕದಲ್ಲಿ ಸಿಕ್ಕಿತ್ತು. ಹಾಗೇ ಇಳಿದು ಹೋದ.

ಬಸವಂತಮ್ಮ ಚಹಾಕ್ಕೆ ಇಟ್ಟ ನೀರನ್ನು ಒಲೆಯಿಂದ ಇಳಿಸಿದಳು. ಕಾರಿನ ಬಾಗಿಲು ತೆರೆದ ಸದ್ದು ಬಂತು. ಹಾಕಿದ ಸದ್ದು ಬರಲಿಲ್ಲ. ಎಂಜಿನ್ನಿನ ಸದ್ದೂ ಇಲ್ಲ. ಸ್ವಲ್ಪ ತಡೆದು ಕಿಟಕಿಗೆ ಬಂದಳು.

ಬೇವಿನ ನೆರಳಿನಲ್ಲಿ ಕಾರಿನ ಬಾಗಿಲು ಅಗಲವಾಗಿ ತೆರೆದಿತ್ತು. ಶಂಭುಲಿಂಗಪ್ಪ ಒಂದು ಕಾಲನ್ನು ಹೊರಗೆ ಮಣ್ಣಿನ ಮೇಲೆ ಊರಿ, ಸೀಟಿನಲ್ಲಿ ಓರೆಯಾಗಿ ಕೂತಿದ್ದ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡಿದ್ದ. ಪುಸ್ತಕವನ್ನು ತೊಡೆಯ ಮೇಲೆ ಮಲಗಿಸಿ, ಕೂಡಿದ ಹಾಳೆಗಳ ನಡುವೆ ಕಾರಿನ ಕೀಲಿಯನ್ನು ತೂರಿಸಿ, ಅಂಚು ಹರಿಯದಂತೆ, ನಿಧಾನವಾಗಿ ಸೀಳುತ್ತಿದ್ದ.